ಗೋಡೆಯ ಮೂರು ಬಡಿತ

ಕಾವೇರಮ್ಮನಿಗೆ ಲಾಗ್ ಕ್ಯಾಬಿನ್ ಎಂಬ ವಿನ್ಯಾಸದ ಕೌದಿಯ ಹುಚ್ಚು ಹಿಡಿಸಿದವಳು, ಕೊಲ್ಲಿ ದೇಶದ ಅಬು ಹಲೀಫಾದಲ್ಲಿ ಪಕ್ಕದ ಫ್ಲ್ಯಾಟಿನಲ್ಲಿ ಒಂಟಿಯಾಗಿದ್ದ ನರ್ಸ್ ಮಗ್ದಲೀನ್. ಹೂವು, ಚುಕ್ಕಿ, ಗೀಟು ಯಾವುದೂ ಕೂಡದು, ಬಟ್ಟೆ ಒಂದೇ ಬಣ್ಣದ್ದಿರಬೇಕು ಎಂಬುದು ಮಗ್ದಲೀನಳ ಹಠ. ದರ್ಜಿ ಅಂಗಡಿಯಲ್ಲಿ ಉಳಿದ, ಅರಬ್ ಗಂಡಸರ ನಿಲುವಂಗಿ ದಿಶ್‌ದಾಶಾದ ಬಿಳಿ, ಹೆಂಗಸರ ಅಬಾಯಾದ ಕಪ್ಪು ಚೂರುಗಳನ್ನು ಚೀಲಗಟ್ಟಲೆ ತರುತ್ತಿದ್ದಳು. ಕೌದಿಯ ಒಂದೊಂದು ಚೌಕವೂ ಒಂದು ಬ್ಲಾಕ್; ಪ್ರತಿ ಬ್ಲಾಕಿನ ನಡುವೆ ಒಂದು ಕೆಂಪು ತುಂಡು; ಅದಕ್ಕೆ ಇಬ್ಬರೂ ‘ಒಲೆ’ ಎನ್ನುತ್ತಿದ್ದರು. ಒಲೆಯ ಸುತ್ತ ಪಟ್ಟಿಗೆ ಪಟ್ಟಿ ಸೇರಿಸುತ್ತ ಹೋಗಬೇಕು, ಎರಡು ಬದಿಗೆ ಬಿಳಿ, ಎರಡು ಬದಿಗೆ ಕಪ್ಪು. ಬ್ಲಾಕ್ ಮುಗಿದರೆ ನಡುಗೋಡೆಗೆ ಮೂರು ಸಲ ಬಡಿಯುವುದು ಅವರ ಒಪ್ಪಂದ. ಐವತ್ತು ದಾಟಿದವರಿಗೆ ಇದೆಂಥ ಹುಡುಗಾಟ ಎಂದು ಕಾವೇರಮ್ಮನ ಗಂಡ ಶ್ಯಾಮಸುಂದರ್ ನಗುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಗೋಡೆಯಲ್ಲಿ ಮೂರು ಬಡಿತ ಕೇಳಿತು. ಸ್ವಲ್ಪ ತಡೆದು ಮತ್ತೆ ಮೂರು. ಒಂದೇ ದಿನಕ್ಕೆ ಎರಡು ಬ್ಲಾಕೇ! ಹೊಟ್ಟೆಕಿಚ್ಚಿಗೆ ಬೇರೆ ಒಲೆ ಬೇಕೇ? ಕಾವೇರಮ್ಮನದು ಅರ್ಧಕ್ಕೇ ನಿಂತಿತ್ತು. ಆದರೂ ತಾನೇನು ಕಡಿಮೆ ಎಂದು, ಮುಗಿಯದ್ದನ್ನು ಮುಗಿಯಿತೆಂದು ಮೂರು ಸಲ ತಿರುಗಿ ಬಡಿದಳು. ಆ ಕಡೆಯಿಂದ ಮತ್ತೆ ಬಡಿತ, ಈ ಸಲ ಮೆಲ್ಲಗೆ. ಸಾಕು ನಿನ್ನ ಜಂಬ ಎಂದು ಗೊಣಗಿ ಹೊಲಿಗೆ ಯಂತ್ರದ ಪೆಡಲು ಒತ್ತಿದಳು. ಆಮೇಲೆ ಏನೂ ಕೇಳಿಸಲಿಲ್ಲ.

ಮರುದಿನ ಮಗ್ದಲೀನ್ ಡ್ಯೂಟಿಗೆ ಹೋಗಿರಲಿಲ್ಲ. ಕಟ್ಟಡ ಕಾಯುವ ಸೈದು ಬೀಗ ತೆಗೆದಾಗ ಅವಳು ನಡುಗೋಡೆಯ ಬುಡದಲ್ಲಿ ಬಿದ್ದಿದ್ದಳು. ಮಿದುಳಿನಲ್ಲಿ ರಕ್ತಸ್ರಾವ, ಶುಕ್ರವಾರವೇ ಕರೆತಂದಿದ್ದರೆ ಉಳಿಯುತ್ತಿದ್ದಳೋ ಏನೋ ಎಂದರು ವೈದ್ಯರು. ಬಡಿತದ ಸುದ್ದಿಯನ್ನು ಕಾವೇರಮ್ಮ ಯಾರಿಗೂ ಹೇಳಲಿಲ್ಲ. ಬ್ಲಾಕ್ ಮುಗಿಸಿಯೇ ಬಡಿದಿರಬೇಕು, ಬಿದ್ದದ್ದು ಆಮೇಲೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಊರಿಂದ ಬಂದ ಮಗ್ದಲೀನಳ ಮಗಳು ಲೊರೈನ್ ಮನೆ ಖಾಲಿ ಮಾಡಿ, ಹೋಗುವಾಗ ಒಂದು ಚೀಲ ತಂದಿಟ್ಟಳು. “ಅಮ್ಮನ ಕೌದಿ ಅರ್ಧದಲ್ಲಿ ಉಂಟು ಆಂಟಿ. ನೀವೇ ಮುಗಿಸಿ ಕೊಡಿ.”

ಕಾವೇರಮ್ಮ ಬ್ಲಾಕುಗಳನ್ನು ಹರಡಿದಳು. ಎಂಟು ಮುಗಿದಿದ್ದವು, ಆ ಎಂಟನ್ನೂ ಅವಳು ಗುರುವಾರವೇ ನೋಡಿದ್ದಳು. ಒಂಬತ್ತನೆಯದರಲ್ಲಿ ಇದ್ದದ್ದು ಒಲೆ ಮತ್ತು ಒಂದು ಬಿಳಿ ಪಟ್ಟಿ, ಅದರ ಹೊಲಿಗೆಯೂ ಅರ್ಧ. ಶುಕ್ರವಾರ ಏನೂ ಮುಗಿದಿರಲಿಲ್ಲ.

ಅಂದಿನಿಂದ ಹೊಲಿಯಲು ಕೂತಾಗಲೆಲ್ಲ ಖಾಲಿ ಫ್ಲ್ಯಾಟಿನಿಂದ ಬಡಿತ ಕೇಳತೊಡಗಿತು. ಏಸಿಯ ಪೈಪು ಇರಬೇಕು ಎಂದರು ಶ್ಯಾಮಸುಂದರ್. ಪೆಡಲು ಒತ್ತಿದರೆ ನಿಲ್ಲುತ್ತಿತ್ತು, ಕಾಲೆತ್ತಿದರೆ ಮತ್ತೆ ಮೂರು. ಅವಳಿಗೆ ಕಾಲೆತ್ತಲು ಹೆದರಿಕೆಯಾಗುತ್ತಿತ್ತು.

ಮತ್ತೊಂದು ಶುಕ್ರವಾರ, ಗಂಡ ಹೊರಗೆ ಹೋಗಿದ್ದಾಗ, ಒಂಬತ್ತನೆಯದರ ಕೊನೆಯ ಕಪ್ಪು ಪಟ್ಟಿ ಕೂತಿತು. ಯಂತ್ರದ ಸ್ವಿಚ್ಚು ಆರಿಸಿದಳು. ಮೂರು ಬಡಿತ. ರೂಢಿಯಂತೆ ಕೈ ಗೋಡೆಯತ್ತ ಎದ್ದಿತು, ಆದರೆ ಅವಳು ಬಡಿಯಲಿಲ್ಲ. ಬರಿಗಾಲಲ್ಲಿ ಓಡಿ ಸೈದುವನ್ನು ಕರೆತಂದು ಪಕ್ಕದ ಬಾಗಿಲು ತೆಗೆಸಿದಳು.

ಒಳಗೆ ಧೂಳು ಬಿಟ್ಟು ಏನೂ ಇರಲಿಲ್ಲ. “ಯಾರೂ ಇಲ್ಲ ಅಮ್ಮ,” ಎಂದ ಸೈದು.

ಕಾವೇರಮ್ಮ ಗೋಡೆಯ ಬುಡದಲ್ಲಿ, ಮಗ್ದಲೀನ್ ಬಿದ್ದಿದ್ದ ಜಾಗದಲ್ಲೇ ಕೂತಳು. “ಗೊತ್ತು ಸೈದು. ಅವತ್ತು ಅವಳು ಬಡಿದಾಗಲೇ ಬರಬೇಕಿತ್ತು ನಾನು. ಸುಳ್ಳೇ ತಿರುಗಿ ಬಡಿದು ಸುಮ್ಮನಾದೆ.” ಹೇಳುತ್ತ ಅಂಗೈಯಿಂದ ಗೋಡೆಯನ್ನು ಮೂರು ಸಲ ಬಡಿದಳು.

ಗೋಡೆಯಾಚೆ, ಯಾರೂ ಇಲ್ಲದ ಕಾವೇರಮ್ಮನ ಮನೆಯಿಂದ ಮೂರು ಬಡಿತ ತಿರುಗಿ ಬಂದವು. ಆಮೇಲೆ ಹೊಲಿಗೆ ಯಂತ್ರ ಓಡತೊಡಗಿತು.