ಎಡಮೂಲೆಯ ಭಾರ

"ಎಪ್ಪತ್ತೆರಡು ಕಿಲೋ ಅಂದ್ರೆ ಎಷ್ಟು ಬಕೆಟ್ ಮರಳಾಗುತ್ತೆ?"

ಅಕ್ಕ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ದೋಣಿ ಶೆಡ್ಡಿನ ಹಿಂಬದಿಯ ಆ ಕೋಣೆಯಲ್ಲಿ ಇದ್ದದ್ದು ಅವಳ ಹೊಲಿಗೆ ಮೆಷಿನ್ನು, ರೆಕ್ಸಿನ್ ಸುರುಳಿಗಳು, ಸ್ಪಂಜಿನ ತುಂಡುಗಳು, ಮೂಲೆಯಲ್ಲೊಂದು ತೂಕದ ಯಂತ್ರ. ಕೆರೆಯ ದೋಣಿಗಳಿಗೆ ಸೀಟು ಹೊಲಿಯುತ್ತ ಹದಿನೆಂಟು ವರ್ಷ ಕಳೆದವಳು, ಈ ವಾರದವರೆಗೆ ಕಾಲು ತೊಳೆಯುವುದಕ್ಕೆ ಬಿಟ್ಟರೆ ನೀರಿಗೆ ಇಳಿದವಳಲ್ಲ.

ಇಳಿ ಇಳಿ ಎಂದು ವರ್ಷಾ ವರ್ಷ ದುಂಬಾಲು ಬೀಳುತ್ತಿದ್ದವನು ತಮ್ಮ. ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಇಟ್ಟು ನಿಲ್ಲುವುದನ್ನು ಹೊಸಬರಿಗೆ ಕಲಿಸುವುದು ಅವನ ಕೆಲಸ. ಹೊರಗಿನ ಫಲಕದಲ್ಲಿ ವೇಕ್‌ಸರ್ಫಿಂಗ್ ಎಂದು ಬರೆದಿತ್ತು. ಅಕ್ಕ ಅದನ್ನು ಅಲೆಸವಾರಿ ಎನ್ನುತ್ತಿದ್ದಳು. "ಈ ವರ್ಷ ಬೇಡ ಕಣೋ, ಮುಂದಿನ ವರ್ಷ ನೋಡೋಣ" ಎಂದು ಹನ್ನೊಂದು ವರ್ಷ ತಳ್ಳಿದಳು. ಹನ್ನೆರಡನೆಯ ವರ್ಷ ಅವನಿಗೆ ಜ್ವರ ಹಿಡಿಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಏಳನೆಯ ದಿನ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕು ಸರಿಸಿ, "ಅಕ್ಕಾ, ಒಂದೇ ಒಂದು ಸಲ ನಿಂತುಬಿಡು. ಅಲ್ಲಿಂದ ಹೇಗೆ ಕಾಣುತ್ತೆ ಅಂತ ನಿನಗೂ ಗೊತ್ತಾಗ್ಬೇಕು" ಎಂದ. "ಆಗ್ಲಿ, ನೀನು ಮೊದ್ಲು ಮಲಗು" ಎಂದಳು. ಅವನು ಮಲಗಿದ.

ಅವನು ಹೋಗಿ ಮೂರು ತಿಂಗಳು. ಈಗ ದೋಣಿ ಮಾರಾಟವಾಗಿತ್ತು. ಕೊಂಡವರು ನಾಳೆ ಬೆಳಿಗ್ಗೆ ಬಂದು ಒಯ್ಯುವವರಿದ್ದರು. ನಿಲ್ಲುವುದಾದರೆ ಇವತ್ತೇ.

ಆ ವಾರದಲ್ಲಿ ಮೂರು ಸಂಜೆ ಅವಳು ಪ್ರಯತ್ನಪಟ್ಟಿದ್ದಳು. ದೋಣಿ ನಡೆಸುವವನು ತಮ್ಮನ ಗೆಳೆಯ, ಎಲ್ಲರ ಬಾಯಲ್ಲಿ ಕ್ಯಾಪ್ಟನ್. ಮೂರು ಸಂಜೆಯೂ ಅವಳು ಬಿದ್ದದ್ದು ಅವಳ ತಪ್ಪಿನಿಂದಲ್ಲ ಎಂದು ಅವನಿಗೆ ಗೊತ್ತಿತ್ತು. ಅಲೆಯೇ ಏಳುತ್ತಿರಲಿಲ್ಲ. ದೋಣಿ ಒಂದು ಮಗ್ಗುಲಿಗೆ ಅದುಮಿಕೊಂಡು ಓಡಿದರೆ ಮಾತ್ರ ಹಿಂದೆ ಒಳ್ಳೆಯ ಅಲೆ ಏಳುತ್ತದೆ. ಅದಕ್ಕಾಗಿ ಹಿಂದಿನ ಎಡಮೂಲೆಯಲ್ಲಿ ನೀರು ತುಂಬುವ ಚೀಲವೊಂದಿತ್ತು. ಅದು ಒಡೆದು ಎರಡು ವರ್ಷ. ಅಂದಿನಿಂದ ಆ ಮೂಲೆಯಲ್ಲಿ ತಮ್ಮನೇ ಕೂರುತ್ತಿದ್ದ. ಹಿಂದಕ್ಕೆ ಮುಖ ಮಾಡಿ ಕೂತು ಕಲಿಯುವವರಿಗೆ ಕೂಗಿ ಹೇಳುತ್ತಿದ್ದ. ಅವನ ಎಪ್ಪತ್ತೆರಡು ಕಿಲೋ ಭಾರಕ್ಕೇ ಅಲೆ ಏಳುತ್ತಿತ್ತು. ಹೊಸ ಚೀಲ ತರಿಸುವುದು ಯಾರಿಗೂ ಹೊಳೆಯಲಿಲ್ಲ.

"ಆ ಮೂಲೆಗೆ ನಾನು ಕೂತ್ರೆ ನೊಣ ಕೂತ ಹಾಗೆ" ಎಂದಿದ್ದ ಕಡ್ಡಿ. ಕಡ್ಡಿ ಎಂದರೆ ಶೆಡ್ಡಿನ ಮೆಕ್ಯಾನಿಕ್ಕು. ಹೆಸರಿಗೆ ತಕ್ಕ ಮೈ. "ಹೊಟ್ಟೆ ತುಂಬ ಉಂಡು ಬಂದರೂ ಐವತ್ತು ದಾಟಲ್ಲ ನಾನು."

ಅದಕ್ಕೇ ಅಕ್ಕ ಮರಳಿನ ಚೀಲ ಹೊಲಿಯಲು ಕೂತಳು. ಹಳೆಯ ನೀಲಿ ಕ್ಯಾನ್ವಾಸು, ಎರಡೆಳೆ ದಾರ. ಮೂಲೆಗೆ ಸರಿಯಾಗಿ ಕೂರಬೇಕಲ್ಲ ಎಂದು ಅಳತೆ ಪುಸ್ತಕ ತೆರೆದಳು. ತಮ್ಮನ ಲೈಫ್ ಜಾಕೆಟ್ಟಿಗೆ ತೆಗೆದಿಟ್ಟ ಅಳತೆ ಇತ್ತು: ಭುಜ, ಎದೆ, ಬೆನ್ನಿನ ಉದ್ದ. ಆ ಜಾಗಕ್ಕೆ ಆ ಅಳತೆಯೇ ಸರಿ ಅನ್ನಿಸಿತು. ಬೇರೆ ಯೋಚನೆ ಬರಲಿಲ್ಲ. ಕತ್ತರಿ ಗೊತ್ತಿದ್ದ ದಾರಿಯಲ್ಲೇ ಹೋಯಿತು.

ಐದು ಬಕೆಟ್ಟು ಮರಳು ಹಿಡಿಯಿತು, ಮೇಲೊಂದು ತಂಬಿಗೆ. ಕಡ್ಡಿ, ಕ್ಯಾಪ್ಟನ್ ಇಬ್ಬರೂ ಏದುಸಿರು ಬಿಡುತ್ತ ಹೊತ್ತು ತಂದು ಮೂಲೆಯಲ್ಲಿ ಕೂರಿಸಿದರು. ಕೂರಿಸಿ, ಹಿಂದೆ ಸರಿದು ನಿಂತರು. ಮರಳು ಇಳಿದು ಸೊಂಟ ಅಗಲವಾಯಿತು, ಮೇಲೆ ಎರಡು ಭುಜ ಉಳಿದವು. ಚೀಲ ಬಲಕ್ಕೆ ತುಸು ವಾಲಿತು. ತಮ್ಮನೂ ಹಾಗೇ ವಾಲಿ ಕೂರುತ್ತಿದ್ದ.

"ಅಕ್ಕಾ" ಎಂದ ಕ್ಯಾಪ್ಟನ್. "ಇದೇನಕ್ಕಾ ಹೀಗೆ ಹೊಲಿದಿದೀರಿ?"

ಅಕ್ಕ ಅದನ್ನು ಗಮನಿಸಿದ್ದೂ ಆಗಲೇ. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ತೂಕ ಸರಿ ಇದೆ ತಾನೇ" ಎಂದಳು ಆಮೇಲೆ. "ನಡಿ."

ಬಟ್ಟೆ ಬದಲಿಸಿ, ಜಾಕೆಟ್ಟು ಬಿಗಿದು, ನೀರಿಗೆ ಇಳಿದಳು. ಅಂಗಾತ ತೇಲುತ್ತ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಹಿಮ್ಮಡಿಗಳನ್ನು ಹಲಗೆಯ ಮೇಲಿಟ್ಟಳು. ಹಗ್ಗದ ಹಿಡಿ ಕೈಯಲ್ಲಿತ್ತು.

"ಹಗ್ಗ ಎಳೀಬೇಡಿ ಅಕ್ಕಾ, ಅದೇ ನಿಮ್ಮನ್ನ ಎಳೆಯುತ್ತೆ" ಎಂದು ಕೂಗಿದ ಕ್ಯಾಪ್ಟನ್.

"ಮೀನು ಕಚ್ಚಿದ್ರೆ ಹೇಳಿ, ಮೆಲ್ಲಗೆ ಹೋಗ್ತೀವಿ" ಎಂದ ಕಡ್ಡಿ. ಯಾರೂ ನಗದಿದ್ದುದಕ್ಕೆ ತಾನೇ ಕೆಮ್ಮಿದ.

ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಬೇಗ ಏಳುವುದು. ಅದಕ್ಕೆ ತಮ್ಮ ಕಂಡುಕೊಂಡಿದ್ದ ಉಪಾಯ ಅಮ್ಮನದು. ಚಿಕ್ಕಂದಿನಲ್ಲಿ ಸಂಜೆಯಾದರೆ ಅಮ್ಮ ನಾಲ್ಕು ಸಾಲಿನ ದೇವರ ಪದ್ಯ ಹೇಳುತ್ತಿದ್ದಳು, ಇಬ್ಬರೂ ಅವಳ ತೊಡೆಗೆ ಒರಗಿ ಕೇಳುತ್ತಿದ್ದರು. ಎರಡನೆಯ ಸಾಲು ಮುಗಿದಲ್ಲಿ ಅಮ್ಮ ಉಸಿರು ತೆಗೆದುಕೊಳ್ಳುತ್ತಿದ್ದಳು. "ಆ ಉಸಿರಿನ ತನಕ ಕುಕ್ಕರಗಾಲಲ್ಲೇ ಇರ್ಬೇಕು. ಮೂರನೇ ಸಾಲಿಗೆ ಏಳ್ಬೇಕು." ಪದ್ಯ ಗೊತ್ತಿಲ್ಲದವರಿಗೆ ಬಾಯಿಗೆ ಬಂದ ಹಾಡೇನಾದರೂ ಹೇಳಿಕೊಳ್ಳಿ ಎನ್ನುತ್ತಿದ್ದ. ಅಕ್ಕನಿಗೆ ಪದ್ಯ ಗೊತ್ತಿತ್ತು.

ದೋಣಿ ಹೊರಟಿತು. ನೀರು ಎದೆಗೆ ಒತ್ತಿತು. ಹಲಗೆ ತಾನಾಗಿ ಎದ್ದು ಅಂಗಾಲಿಗೆ ಅಂಟಿತು. ಅಕ್ಕ ಮೊದಲ ಸಾಲು ಹೇಳಿದಳು. ನೀರು ಮುಖಕ್ಕೆ ರಾಚಿ ಅರ್ಧ ಮಾತು ಒಳಗೇ ಹೋಯಿತು. ಎರಡನೆಯ ಸಾಲು. ಏಳು ಏಳು ಎಂದು ಮೈಯೆಲ್ಲ ಕೂಗುತ್ತಿತ್ತು. ಏಳಲಿಲ್ಲ. ಅಮ್ಮ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಾದಳು.

ಮೂರನೆಯ ಸಾಲಿಗೆ ಎದ್ದಳು.

ಬೀಳಲಿಲ್ಲ, ನಿಂತಿದ್ದಳು. ಪಕ್ಕದಲ್ಲಿ ಸೊಂಟದೆತ್ತರದ ಅಲೆ, ಹಸಿರು, ಇನ್ನೇನು ಮಗುಚಿತು ಎನ್ನುವಂತೆ, ಮಗುಚದೆ. ಅದು ಹಿಂದಿನಿಂದ ದೂಡುತ್ತಿತ್ತು. ಹಗ್ಗ ಸಡಿಲಾಗಿ ನೀರಿಗೆ ಜೋತುಬಿತ್ತು. ಇನ್ನು ಹಗ್ಗವೂ ಬೇಡ ಎಂದು ತಿಳಿಯಿತು. ನಾಲ್ಕನೆಯ ಸಾಲು ಹೇಳುತ್ತ ತಲೆ ಎತ್ತಿದಳು.

ಅಲ್ಲಿಂದ ಕೆರೆ ಕಾಣುವುದಿಲ್ಲ. ದಡವಾಗಲಿ ಆಕಾಶವಾಗಲಿ ಕಣ್ಣಿಗೆ ಬೀಳುವುದಿಲ್ಲ. ಅಲೆಯ ಮೇಲೆ ನಿಂತವರ ಕಣ್ಣು ಹೋಗುವುದು ಒಂದೇ ಕಡೆ, ಎಡಮೂಲೆಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವನ ಕಡೆ. ಎರಡು ವರ್ಷ ಎಷ್ಟು ಜನ ಅಪರಿಚಿತರು ಇಲ್ಲಿ ನಿಂತು ಅವನನ್ನೇ ನೋಡಿದ್ದರು. ಅವನು ಇಷ್ಟು ಹತ್ತಿರ ಕೂತಿರುತ್ತಿದ್ದನೇ? ಬಲಕ್ಕೆ ವಾಲಿ, ಎರಡು ಭುಜ ಇಳಿಬಿಟ್ಟು, ಅಲೆಯ ಲಯಕ್ಕೆ ಮೆಲ್ಲಗೆ ಅಲುಗುತ್ತ.

"ನಿಂತೆ ಕಣೋ" ಎಂದಳು.

ಪದ್ಯ ಮುಗಿದಿತ್ತು. ಬಿದ್ದಳು.

ಕಟ್ಟೆಗೆ ಬಂದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಕಡ್ಡಿ ಟವೆಲ್ಲು ಹೊದಿಸಿದ. "ಪಾಸಾದ್ರಿ ಅಕ್ಕಾ, ನಾನು ಇನ್ನೂ ಫೇಲು" ಎಂದ, ಮೂಗು ಒರೆಸಿಕೊಂಡ. ಕ್ಯಾಪ್ಟನ್ ಎಂಜಿನ್ನು ಆರಿಸಿ, ಹಗ್ಗ ಸುತ್ತಿಟ್ಟು, ಎಡಮೂಲೆಯ ಚೀಲದ ಬಳಿ ಹೋದ. ಅದನ್ನು ಎತ್ತಲು ಅವನೂ ಕಡ್ಡಿಯೂ ಒಮ್ಮೆ ಕೈ ಹಾಕಿದರು. ಅಲೆಯ ಎರಚಲಿಗೆ ನೀರು ಕುಡಿದ ಚೀಲ ಕದಲಲಿಲ್ಲ. ಬೆಳಿಗ್ಗೆ ಬರುವವರಿಗೆ ದೋಣಿಯನ್ನು ಖಾಲಿ ಮಾಡಿ ಕೊಡಬೇಕಿತ್ತು.

ಕ್ಯಾಪ್ಟನ್ ಒಳಗೆ ಹೋಗಿ ಅವಳ ಮೆಷಿನ್ನಿನ ಮೇಲಿದ್ದ ಕತ್ತರಿ ತಂದ.

"ಅಕ್ಕಾ, ನಿಮ್ಮ ಹೊಲಿಗೆ, ನೀವೇ ಬಿಚ್ಚಿದ್ರೆ ಚೆನ್ನ. ಮೇಲೊಂದು ಗೇಣು ಬಿಚ್ಚಿಕೊಡಿ ಸಾಕು. ಮರಳು ನಾವು ನೀರಿಗೆ ಸುರೀತೀವಿ. ಬಟ್ಟೆ ನೀವೇ ಇಟ್ಕೊಳ್ಳಿ."

ಅಕ್ಕ ಕತ್ತರಿ ತೆಗೆದುಕೊಂಡಳು. ದೋಣಿಗೆ ಇಳಿದಳು. ಒದ್ದೆ ಭುಜದ ಮೇಲೆ ಅಂಟಿದ್ದ ಪಾಚಿಯ ಎಳೆಯೊಂದನ್ನು ಬೆರಳಿನಿಂದ ತೆಗೆದಳು. ತನ್ನದೇ ಹೊಲಿಗೆಯನ್ನು, ಎರಡೆಳೆ ದಾರವನ್ನು, ತುದಿಯಿಂದ ತುದಿಗೆ ಸವರಿ ನೋಡಿದಳು. ಎಲ್ಲೂ ಬಿಟ್ಟಿರಲಿಲ್ಲ.

"ಕತ್ತಲಾಗ್ತಾ ಇದೆ ಅಕ್ಕಾ" ಎಂದ ಕ್ಯಾಪ್ಟನ್. "ಬಿಚ್ಚಿ."

ಅವಳು ಚೀಲದ ಪಕ್ಕದಲ್ಲಿ ಕೂತಳು. ಕತ್ತರಿಯನ್ನು ಎರಡೂ ಕೈಯಿಂದ ಮಡಿಲಲ್ಲಿ ಮುಚ್ಚಿಕೊಂಡಳು.

"ಬಿಚ್ಚಲ್ಲ" ಎಂದಳು.