ಖಾಲಿ ಬಿಟ್ಟ ಜಾಗ

ಅಫಜಲಪುರದ ಕವಿಗೋಷ್ಠಿಯಲ್ಲಿ ತನ್ನ ಸರದಿ ಹತ್ತಿರ ಬಂದಷ್ಟೂ ಖಮರಳ ಬಾಯಿ ಒಣಗುತ್ತಿತ್ತು. ಕೈಯಲ್ಲಿದ್ದ ಹಾಳೆಯಲ್ಲಿ ಪದಗಳಿಗಿಂತ ಬಿಳಿ ಜಾಗವೇ ಹೆಚ್ಚು. ಲಕ್ವಾ ಹೊಡೆದ ಮೇಲೆ ತಾಯಿ ಹುಸೇನಬೀ ಆಡುವ ಮಾತು ಹೇಗೋ ಕವಿತೆಯೂ ಹಾಗೆಯೇ ಇತ್ತು: ಒಂದು ಪದ, ಆಮೇಲೆ ದೊಡ್ಡ ತೆರವು, ಸಾಲಿನ ಆ ತುದಿಗೆ ಇನ್ನೊಂದು ಪದ. ಚೌಡಾಪುರದಲ್ಲಿ ಮನೆಮನೆಗೆ ಹೋಗಿ ಬಳೆ ತೊಡಿಸುತ್ತ ಊರ ಸುದ್ದಿಯನ್ನೆಲ್ಲ ಹಂಚುತ್ತಿದ್ದ ಹೆಂಗಸು ಈಗ ನೀರು ಕೇಳಲೂ ತಡವರಿಸುತ್ತಿದ್ದಳು.

ಹಾಳೆಯ ಮೇಲಾದರೆ ಆ ತೆರವು ಕಣ್ಣಿಗೆ ಕಾಣುತ್ತದೆ. ಬಾಯಲ್ಲಿ ಓದುವುದು ಹೇಗೆ? ಅದಕ್ಕಿಂತ ದೊಡ್ಡ ದಿಗಿಲು ಬೇರೆಯಿತ್ತು. ಬೇಡವೆಂದರೂ ಹಟ ಹಿಡಿದು ಬಂದ ತಾಯಿ ಎರಡನೇ ಸಾಲಿನಲ್ಲೇ ಕೂತಿದ್ದಳು. ಕವಿತೆ ತನ್ನ ಮಾತಿನದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮಗಳು ನಾಲ್ಕು ಮಂದಿಯ ಮುಂದೆ ತನ್ನನ್ನು ಅಣಕಿಸಿದಳು ಅಂದುಕೊಂಡರೆ?

“ಖಮರ ಮೇಡಂ, ಬರ್ರಿ” ಎಂದು ನಿರೂಪಕ ವಿಶ್ವಾರಾಧ್ಯ ಕರೆದ.

ಮೊದಲ ಪದ ಓದಿದಳು. ತೆರವು ಬಂತು. ಸುಮ್ಮನೆ ಓಡಿಸಿಕೊಂಡು ಓದಿಬಿಡಲೇ ಅನ್ನಿಸಿತು. ಆದರೂ ಬಾಯಿ ಮುಚ್ಚಿ ನಿಂತಳು. ಎರಡನೇ ಪದ. ಮತ್ತೆ ಮೌನ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎಲ್ಲಕ್ಕಿಂತ ದೊಡ್ಡ ತೆರವಿಗೆ ಬಂದಾಗ ವಿಶ್ವಾರಾಧ್ಯ ಹತ್ತಿರ ಬಾಗಿ, “ಮರತ್ರೇನ್ರಿ? ಹಾಳಿ ನೋಡ್ಕೊಂಡು ಓದ್ರಿ” ಎಂದು ಪಿಸುಗುಟ್ಟಿದ.

“ನೋಡ್ಕೊಂಡೇ ಓದಾಕತ್ತೇನ್ರಿ. ಇಲ್ಲಿ ಖಾಲಿ ಅದ್ರಿ.”

ಮೈಕಿನಿಂದ ಆ ಮಾತು ಸಭೆಗೆಲ್ಲ ಕೇಳಿಸಿತು. ನಗು ನಿಂತಿತು. ಮಂದಿ ಕಾಯತೊಡಗಿದರು. ಖಮರಳಿಗೆ ತಾಯಿಯತ್ತ ನೋಡುವ ಧೈರ್ಯವಾಗಲಿಲ್ಲ. ಹೇಗೋ ಕೊನೆಯ ಪದ ಹೇಳಿ ಇಳಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು.

ಬಸ್ ನಿಲ್ದಾಣದಲ್ಲಿ, ಮೆಣಸಿನಕಾಯಿ ಭಜಿ ಕರಿಯುತ್ತಿದ್ದ ಬಂಡಿಯ ಪಕ್ಕ ನಿಂತು, ಹುಸೇನಬೀ ಕೈ ಚಾಚಿ ಹಾಳೆ ಕೇಳಿದಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು. ಬೆರಳು ಪದಗಳನ್ನು ದಾಟುತ್ತ ಬಂದು ಬಿಳಿ ಜಾಗದ ಮೇಲೆ ನಿಂತಿತು.

“ಇದು... ನಂದು.”

“ಹೌದು ಅಮ್ಮೀ. ಸಿಟ್ಟು ಬಂತೇನು?”

ತಾಯಿ ಇಲ್ಲವೆಂದು ತಲೆಯಾಡಿಸಿದಳು. ತುಟಿ ಬಹಳ ಹೊತ್ತು ಹೆಣಗಿತು. “ಮಂದಿ... ಕಾದ್ರು.”

ಖಮರ ಮುಖ ತಗ್ಗಿಸಿದಳು. ಮನೆಯಲ್ಲಿ ತಾಯಿ ಬಾಯಿ ತೆರೆದರೆ ಸಾಕು, ಅವಸರಕ್ಕೆ ಆ ಮಾತನ್ನು ತಾನೇ ಮುಗಿಸುತ್ತಿದ್ದಳು. ಅದು ತಪ್ಪಾಗಿದ್ದರೂ ಹುಸೇನಬೀ ಹೂಂ ಅಂದು ಸುಮ್ಮನಾಗುತ್ತಿದ್ದಳು.

ಚೌಡಾಪುರದ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಹುಸೇನಬೀ ಮಗಳ ಕೈ ಜಗ್ಗಿ, “ನಂಗ...” ಎಂದು ತಡವರಿಸಿದಳು. ನೀರು ಬೇಕೇ, ಸಂಕಟವೇ, ಏನೇನೋ ಖಮರಳ ನಾಲಿಗೆಯ ತುದಿಗೆ ಬಂದವು. ಬಸ್ಸು ಹೋದರೆ ಹೋಗಲಿ ಎಂದು ಹಲ್ಲು ಕಚ್ಚಿ ನಿಂತಳು.

“...ಭಜಿ” ಅಂದಳು ತಾಯಿ.