ಬಾಯಿ ಮೇಲೆ ಬೆರಳು

"ಕುಂಡಿ ತೊಳೆಯೋಕೆ ಯಾವ ಟ್ರೇನಿಂಗ್ ಬೇಕೇ ನಿಂಗೆ?"

ಶಿಶುವಿಹಾರದ ಯಜಮಾನರು ಬೂಟುಗಾಲಲ್ಲೇ ಮಕ್ಕಳ ಚಾಪೆ ತುಳಿದುಕೊಂಡು ಬಂದಿದ್ದರು. ಅಕ್ಕನ ಕೈಯಲ್ಲಿ ಯಾವುದೋ ಮಗುವಿನ ಒದ್ದೆ ಚಡ್ಡಿ. ಅಕ್ಕ ಎಂದರೆ ನನಗೆ ಈ ಕೆಲಸ ಕಲಿಸಿದವಳು. ತರಬೇತಿಗೆ ಕಳಿಸಿ, ಮುಗಿಸಿ ಬಂದ ಮೇಲೆ ಟೀಚರ್ ಸಂಬಳ ಕೊಡಿ ಎಂದು ಇಬ್ಬರೂ ಸೇರಿ ಕೇಳೋಣ ಅಂತ ಬೆಳಿಗ್ಗೆಯಷ್ಟೇ ಮಾತಾಡಿಕೊಂಡಿದ್ದೆವು. ಬಾಯಿ ಬಿಟ್ಟವಳು ಅವಳೊಬ್ಬಳೇ.

"ಕಲಿಸೋದೂ ನಾವೇ ಅಲ್ವಾ ಸಾರ್? ಅಪ್ಪ ಅಮ್ಮಂದಿರ ಮುಂದೆ ಟೀಚರ್ ಅಂತೀರಿ, ಸಂಬಳದ ದಿನ ಆಯಾ ಅಂತೀರಿ."

"ಮುಚ್ಚೇ ಬಾಯಿ, ದರಿದ್ರದವಳೇ! ಇದೆಲ್ಲಾ ನಿಂದೇ ತಲೇನಾ, ಇಲ್ಲಾ ಇವಳೂ ಸೇರಿದಾಳಾ?"

ಇಬ್ಬರ ಕಣ್ಣೂ ನನ್ನ ಮೇಲೆ. ಈ ಕೆಲಸ ಹೋದರೆ ನನ್ನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಗದರಿಕೆಗೆ ಬೆದರಿ ಮಕ್ಕಳು ಅಳತೊಡಗಿದ್ದವು. ನಾನು ತುಟಿಯ ಮೇಲೆ ಬೆರಳಿಟ್ಟೆ. ಮಕ್ಕಳನ್ನು ಸುಮ್ಮನಾಗಿಸಲು ದಿನಾ ಮಾಡುವುದೇ ಅದು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಅಷ್ಟೂ ಮಕ್ಕಳು ನನ್ನನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಂಡವು.

"ನೋಡು, ಇವಳಿಗೆ ಬುದ್ಧಿ ಇದೆ. ನೀನು ಹೊರಡು."

ಅಕ್ಕ ಚಡ್ಡಿ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. ಚಪ್ಪಲಿ ಮೆಟ್ಟುವಾಗ ಒಮ್ಮೆ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಗೆ ಮೈಯೆಲ್ಲ ಉರಿಯಿತು. ಬೆರಳು ಮಾತ್ರ ತುಟಿ ಬಿಟ್ಟು ಬರಲಿಲ್ಲ.

ಅವಳು ಗೇಟು ದಾಟುವಷ್ಟರಲ್ಲಿ, ಮಗುವನ್ನು ಸೇರಿಸಲು ಬಂದಿದ್ದ ಗಂಡಹೆಂಡಿರನ್ನು ಯಜಮಾನರು ಒಳಗೆ ಕರೆತಂದರು. ದನಿಯಲ್ಲಿ ಈಗ ಬೆಣ್ಣೆ.

"ನೋಡಿ, ಎಂಥಾ ಶಿಸ್ತು! ಇವರೇ ನಮ್ಮ ಟೀಚರ್."

ಮುಂದಿನ ಸಾಲಿನ ಪುಟ್ಟಿ ಬೆರಳು ತೆಗೆಯದೆಯೇ ಪಿಸುಗುಟ್ಟಿದಳು. "ಮಿಸ್, ಅಕ್ಕ ತಪ್ಪು ಮಾಡಿದ್ಲಾ?"

ನಾನು ತುಟಿಯಿಂದ ಬೆರಳು ತೆಗೆದೆ.

"ಇಲ್ಲ ಕಂದಾ, ತಪ್ಪು ಮಾಡಿದ್ದು ನಾನು. ಎಲ್ಲಾರೂ ಬೆರಳು ತೆಗೀರಿ. ಅಕ್ಕನ್ನ ಕೂಗಿ, ಜೋರಾಗಿ!"

"ಅಕ್ಕಾ!"

ಕಿಟಕಿಯ ಗಾಜು ಅದುರಿತು. ಬಂದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಳು. ಯಜಮಾನರ ಬಾಯಿ ಆಡುವುದು ಕಾಣುತ್ತಿತ್ತು, ಏನು ಬೈಯುತ್ತಿದ್ದಾರೋ ಕೇಳಿಸುತ್ತಿರಲಿಲ್ಲ. ಮಕ್ಕಳ ಜೊತೆ ನಾನೂ ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ.

ಗೇಟಿನಾಚೆ ಅಕ್ಕ ತಿರುಗಿ ನೋಡದೆ ನಡೆಯುತ್ತಲೇ ಇದ್ದಳು.